ಔಡಲದಿಂದ ಕವಲು ನೈಲಾನ್: ಕಾಲೇಜು ಲ್ಯಾಬ್‌ನಲ್ಲಿ ಮಾಡುವುದು ಹೇಗೆ

ಚಳ್ಳಕೆರೆ ಕಡೆ ಶೇಂಗಾ ಹೊಲದ ಬದುವಿನಲ್ಲಿ ಔಡಲ ಗಿಡ ನೋಡಿಯೇ ಇರುತ್ತೀರಿ. ಅದೇ ಬೀಜದ ಎಣ್ಣೆಯಿಂದ ನೈಲಾನ್ ಆಗುತ್ತದೆ ಅಂದರೆ ಮಾತ್ರ ಜನ ಸುಮ್ನೆ ನಗುತ್ತಾರೆ. ದಾವಣಗೆರೆಯಲ್ಲಿ ಟೆಕ್ಸ್‌ಟೈಲ್ ಅಥವಾ ಕೆಮಿಸ್ಟ್ರಿ ಓದುತ್ತಾ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಇದು ಒಳ್ಳೇ ಕೆಲಸ. ಆದರೆ ಫ್ಯೂಮ್ ಹುಡ್ (ವಿಷದ ಹೊಗೆಯನ್ನು ಹೊರಗೆ ಎಳೆಯುವ ಗೂಡು) ಇರುವ ಲ್ಯಾಬ್ ಬೇಕೇ ಬೇಕು, ಜೊತೆಗೆ ಗೊತ್ತಿರುವ ಮೇಷ್ಟ್ರೊಬ್ಬರು ಇರಬೇಕು. ಮನೆಯಲ್ಲಿ ಬೇಡ.

ಹರಳೆಣ್ಣೆಯ ಆಮ್ಲಗಳಲ್ಲಿ ಶೇ. 85ಕ್ಕಿಂತ ಜಾಸ್ತಿ ಒಂದೇ, ರಿಸಿನೋಲಿಕ್ ಆಮ್ಲ. ಅದನ್ನು ಕಾಸ್ಟಿಕ್ ಸೋಡಾ ಹಾಕಿ ಜೋರಾಗಿ ಕಾಯಿಸಿದರೆ ಒಡೆದು, 10 ಕಾರ್ಬನ್ನಿನ ಸೆಬಾಸಿಕ್ ಆಮ್ಲ ಸಿಗುತ್ತದೆ. ಇದು ಕಾರ್ಖಾನೆ ಕೆಲಸ, ನೀವು ಸೆಬಾಸಿಕ್ ಆಮ್ಲವನ್ನೇ ಕೊಂಡುಕೊಳ್ಳಿ. ಜೊತೆಗೆ ಡೆಕೇನ್ ಡೈಅಮೈನ್ ಬೇಕು. ಇದನ್ನೂ ಸೆಬಾಸಿಕ್ ಆಮ್ಲದಿಂದಲೇ ಮಾಡಬಹುದು, ಹಾಗಾಗಿ ಎರಡೂ ಸೇರಿದ ನೈಲಾನ್ 10,10 ಪೂರ್ತಿ ಗಿಡದ್ದು. ಅಗ್ಗದ ನೈಲಾನ್ 6,10ರಲ್ಲಿ 16 ಕಾರ್ಬನ್ನಿನಲ್ಲಿ 10 ಮಾತ್ರ ಔಡಲದ್ದು, ಉಳಿದದ್ದು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬರುತ್ತದೆ. ಕೊಳ್ಳುವಾಗ ಯಾವ ಮೂಲದ್ದು ಅಂತ ಕೇಳಿ. ಬಾಟಲಿ ಮೇಲೆ ಹೆಸರು ಒಂದೇ ಇರುತ್ತದೆ.

ಈಗ ಕವಲಿನ ವಿಷಯ. ಸೆಬಾಸಿಕ್ ಆಮ್ಲಕ್ಕೂ ಡೈಅಮೈನ್‌ಗೂ ಎರಡೆರಡೇ ಕೈ (ಇನ್ನೊಂದು ಅಣುವಿಗೆ ಜೋಡಿಯಾಗುವ ತುದಿ), ಹಿಡಿದುಕೊಂಡರೆ ನೇರ ಸರಪಳಿ. ನಡುವೆ ಮೂರು ಕೈಯ ಅಣು ಸೇರಿಸಿದರೆ ಅಲ್ಲಿ ಕವಲೊಡೆಯುತ್ತದೆ. ನಿಂಬೆ ಉಪ್ಪಿಗೂ ಮೂರು ಕೈ ಇದೆ, ಅಗ್ಗವೂ ಹೌದು, ಆದರೆ 175 ಡಿಗ್ರಿ ದಾಟಿದರೆ ಅದೇ ಒಡೆದುಹೋಗುತ್ತದೆ. ಸೋಯಾದಂಥ ಎಣ್ಣೆಗಳ ಆಮ್ಲದಿಂದ ಮಾಡುವ 54 ಕಾರ್ಬನ್ನಿನ, ಮೂರು ಕೈಯ ಟ್ರೈಮರ್ ಆಮ್ಲ ಬಿಸಿ ತಡೆಯುತ್ತದೆ, ಅದನ್ನೇ ಹಾಕಿ.

ಎಷ್ಟು ಹಾಕಬೇಕು? ಪೂರ್ತಿ ಆಟ ಇರುವುದು ಇಲ್ಲೇ. ಜಾಸ್ತಿ ಹಾಕಿದರೆ ಕವಲುಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡು ಫ್ಲಾಸ್ಕ್ ತುಂಬ ಒಂದೇ ಅಣು ಆಗಿ, ಮತ್ತೆ ಯಾವತ್ತೂ ಕರಗದ ಜೆಲ್ ಆಗಿಬಿಡುತ್ತದೆ. ರಸಾಯನ ವಿಜ್ಞಾನಿ ಪಾಲ್ ಫ್ಲೋರಿ 1941ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಆಮ್ಲದ ಕೈಗಳಲ್ಲಿ ಶೇ. 5 ಟ್ರೈಮರ್‌ನದಾದರೆ ಕ್ರಿಯೆ ಶೇ. 97.6 ಮುಗಿಯುವಷ್ಟರಲ್ಲೇ ಜೆಲ್. ಶೇ. 2 ಆದರೆ ಸುಮಾರು ಶೇ. 99ಕ್ಕೆ, ಶೇ. 1 ಆದರೆ ಶೇ. 99.5ಕ್ಕೆ. ಗಟ್ಟಿ ನೈಲಾನ್ ಬೇಕೆಂದರೆ ಕ್ರಿಯೆ ಶೇ. 99ರವರೆಗಾದರೂ ಹೋಗಬೇಕಲ್ವಾ? ಹಾಗಾಗಿ ಶೇ. 1ಕ್ಕೇ ನಿಲ್ಲಿಸಿ, ಆಸೆ ಬೇಡ.

ಮೊದಲು ಉಪ್ಪು ಮಾಡಿಕೊಳ್ಳಿ. ಬೆಚ್ಚಗಿನ ಎಥನಾಲ್‌ನಲ್ಲಿ 22.2 ಗ್ರಾಂ ಸೆಬಾಸಿಕ್ ಆಮ್ಲ ಕರಗಿಸಿ, ಬೇರೆ ಬೀಕರ್‌ನಲ್ಲಿ 18.9 ಗ್ರಾಂ ಡೈಅಮೈನ್ ಕರಗಿಸಿ, ನಿಧಾನಕ್ಕೆ ಸೇರಿಸಿ. ಬೆಳ್ಳಗೆ ಉಪ್ಪು ಇಳಿಯುತ್ತದೆ, ಸೋಸಿ ಒಣಗಿಸಿ. ಡೈಅಮೈನ್ ಬಾಟಲಿಯ ಮುಚ್ಚಳ ತೆರೆದಿಡಬೇಡಿ: ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ತೂಕ ಸುಳ್ಳು ಹೇಳುತ್ತದೆ. ಚರ್ಮವನ್ನೂ ಸುಡುತ್ತದೆ, ಗ್ಲೌಸ್ ಕನ್ನಡಕ ಹಾಕಿ. ಉಪ್ಪು ಮಾಡುವುದರಿಂದ ಎರಡೂ ಕಡೆ ಕೈಗಳು ಸರಿಸಮ ಆಗುತ್ತವೆ, ಬರೀ ತೂಕ ನಂಬಿದರೆ ಹಾಗಾಗುವುದಿಲ್ಲ. ಟ್ರೈಮರ್ ಈ ಹಂತದಲ್ಲಿ ಬೇಡ, ಅದು ಎಥನಾಲ್‌ನಲ್ಲೇ ಉಳಿದು ಸೋಸುವಾಗ ಹೋಗಿಬಿಡಬಹುದು.

ಒಣಗಿದ ಉಪ್ಪು 37 ಗ್ರಾಂ, ಟ್ರೈಮರ್ 0.57 ಗ್ರಾಂ, ಅದಕ್ಕೆ ಜೋಡಿಯಾಗಿ ಇನ್ನೊಂದು 0.17 ಗ್ರಾಂ ಡೈಅಮೈನ್. ಮೂರನ್ನೂ ಕಲಕುವ ಕೋಲಿರುವ ಫ್ಲಾಸ್ಕ್‌ಗೆ ಹಾಕಿ. ಪೇಟೆಯ ಟ್ರೈಮರ್‌ನಲ್ಲಿ ಎರಡೇ ಕೈಯ ಡೈಮರ್ ಬೆರೆತಿರುತ್ತದೆ, ಅದರ ಆಸಿಡ್ ವ್ಯಾಲ್ಯೂ (ಒಂದು ಗ್ರಾಂನಲ್ಲಿ ಎಷ್ಟು ಆಮ್ಲ ಇದೆ ಎಂಬ ಅಳತೆ) ನೋಡಿ ಈ ತೂಕ ಸರಿಮಾಡಿಕೊಳ್ಳಿ. ನೈಟ್ರೋಜನ್ ಸಣ್ಣಗೆ ಬಿಡಿ. ಜೋರಾಗಿ ಬಿಟ್ಟರೆ ಡೈಅಮೈನ್ ಆವಿಯಾಗಿ ಹೊರಟುಹೋಗುತ್ತದೆ, ಬಿಡದಿದ್ದರೆ ನೈಲಾನ್ ಹಳದಿಯಾಗುತ್ತದೆ. ನಿಧಾನಕ್ಕೆ 220 ಡಿಗ್ರಿಗೆ ಏರಿಸಿ. ಕ್ರಿಯೆ ಪೂರ್ತಿಯಾದರೆ ಒಟ್ಟು 3.6 ಮಿಲಿ ನೀರು ಬರಬೇಕು. ಮೊದಲ 3 ಮಿಲಿ ಬೇಗ ಬರುತ್ತದೆ, ಉಳಿದದ್ದಕ್ಕೆ ತಾಳ್ಮೆ ಬೇಕು, ಕೊನೆಗೆ ಸ್ವಲ್ಪ ಹೊತ್ತು ವ್ಯಾಕ್ಯೂಮ್ ಕೊಡಿ.

ಆಗ ಕೋಲಿನ ಮೇಲೆ ಕಣ್ಣಿಡಿ. ಕರಗಿದ ನೈಲಾನ್ ದಪ್ಪಗಾಗಿ ತಿರುಗುವ ಕೋಲನ್ನು ಹಿಡಿದು ಮೇಲಕ್ಕೆ ಹತ್ತತೊಡಗಿದರೆ ಜೆಲ್ ಹತ್ತಿರ ಬಂದಿರಬಹುದು ಎಂದರ್ಥ, ತಕ್ಷಣ ಬಿಸಿ ನಿಲ್ಲಿಸಿ. ಬಿಸಿ ಇರುವಾಗಲೇ ಟ್ರೇಗೆ ಸುರಿಯಿರಿ, ಇಲ್ಲದಿದ್ದರೆ ಆರುತ್ತಾ ಕುಗ್ಗುವ ನೈಲಾನ್ ಗಾಜನ್ನೇ ಸೀಳಬಹುದು. ಆ ಬಿಸಿಯದು ಕೈಗೆ ಅಂಟಿದರೆ ಕಿತ್ತರೂ ಬರುವುದಿಲ್ಲ, ಹುಷಾರು.

ಒಂದು ಚೂರನ್ನು ಮೆಟಾ-ಕ್ರೆಸಾಲ್‌ನಲ್ಲಿ ಹಾಕಿ ಬೆಚ್ಚಗೆ ಮಾಡಿ. ಇದೂ ವಿಷ, ಫ್ಯೂಮ್ ಹುಡ್ ಒಳಗೇ ಇರಲಿ. ಪೂರ್ತಿ ಕರಗಿದರೆ ಜೆಲ್ ಇಲ್ಲ. ಊದಿಕೊಂಡ ಲೋಳೆ ತುಣುಕು ತೇಲಿದರೆ ಮುಂದಿನ ಸಲ ಟ್ರೈಮರ್ ಅರ್ಧ ಮಾಡಿ, ಅಥವಾ ಒಂದೇ ಕೈಯ ಲಾರಿಕ್ ಆಮ್ಲ ಚಿಟಿಕೆಯಷ್ಟು ಸೇರಿಸಿ. ಸರಪಳಿ ತುದಿಯಲ್ಲಿ ಕೂತು ಬೆಳವಣಿಗೆ ತಡೆಯುತ್ತದೆ, ಮತ್ತೆ ಅದು ತೆಂಗಿನೆಣ್ಣೆಯದ್ದು.