ಮೂವತ್ತೊಂದು ಸಾವಿರ ವಚನ, ಒಂದೇ ಕಮಿಟ್

ಜೋಯಿಡಾ ಕಡೆಯ ಹಳ್ಳಿಗಳಿಗೆ ಹೋಗಿಬರುವ ಪಾಸ್ಟರ್ ಒಬ್ಬರಿಗೆ ನೆಟ್‌ವರ್ಕ್ ಸಿಗದಲ್ಲೂ ಪದ ಹುಡುಕಲು ಬರುವಂಥ ಕನ್ನಡ ಸತ್ಯವೇದ ಫೋನಿನಲ್ಲಿ ಬೇಕಿತ್ತು. ಪಠ್ಯಕ್ಕೆ ಅನುಮತಿ ಅವರೇ ತಂದರು. ಪೆನ್‌ಡ್ರೈವ್‌ನಲ್ಲಿ 66 ಪುಸ್ತಕಕ್ಕೆ, ಅಧ್ಯಾಯ-ವಚನಗಳಿಗೆ ಗುರುತು ಹಾಕಿಟ್ಟ 66 ಯುಎಸ್‌ಎಫ್‌ಎಂ ಫೈಲು. ಅವನ್ನು ಓದಿ, ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ ತುಂಬುವ ಪೈಥಾನ್ ಸ್ಕ್ರಿಪ್ಟನ್ನು ಕಾರವಾರದ ಮನೆಯಲ್ಲಿ ಕೂತು ಒಂದೇ ಸಂಜೆ ಬರೆದೆ. ಓಡಿ ಮುಗಿಯಲು ಮಾತ್ರ ಮುಕ್ಕಾಲು ಗಂಟೆ. ಅಡಿಟಿಪ್ಪಣಿಯ ಗುರುತು ಎಲ್ಲೋ ಒಂದು ವಚನದೊಳಗೆ ಉಳಿದುಬಿಟ್ಟರೆ ಮತ್ತೆ ಮೊದಲಿಂದ, ಮತ್ತೆ ಮುಕ್ಕಾಲು ಗಂಟೆ.

ಮೊದಲು ತಪ್ಪು ಹೊರಿಸಿದ್ದು ಕನ್ನಡದ ಮೇಲೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್, ಅದಕ್ಕೇ ನಿಧಾನ ಅಂದುಕೊಂಡು ಎರಡು ಸಂಜೆ ರೆಜೆಕ್ಸ್ (ಪಠ್ಯದಲ್ಲಿ ಗುರುತು ಹುಡುಕುವ ಸೂತ್ರ) ತಿದ್ದುತ್ತ ಕೂತೆ. ಕೊನೆಗೆ ಬುದ್ಧಿ ಬಂದು, ಡೇಟಾಬೇಸ್ ಮುಟ್ಟದೆ ಬರೀ ಓದುವ ಭಾಗವನ್ನು ಓಡಿಸಿ ಗಡಿಯಾರ ನೋಡಿದೆ: ಮೂರು ಸೆಕೆಂಡ್.

ತಡವೆಲ್ಲ ಡೇಟಾಬೇಸಿಗೆ ತುಂಬುವಲ್ಲೇ. ಸುರಕ್ಷಿತವಾಗಿರಲಿ ಎಂದು ಪ್ರತಿ ವಚನದ ನಂತರ ಕಮಿಟ್ ಬರೆದಿದ್ದೆ. ಕಮಿಟ್ ಎಂದರೆ ಡೇಟಾ ನಿಜವಾಗಿ ಡಿಸ್ಕಿಗೆ ಇಳಿಯುವವರೆಗೆ ಕಾಯುವುದು. ನನ್ನದು ಹಳೆಯ ಹಾರ್ಡ್‌ಡಿಸ್ಕ್, ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120. ಒಂದು ಕಮಿಟ್‌ಗೆ ಸುಮಾರು ಎರಡು ಸುತ್ತು ಹಿಡಿದರೆ ಸೆಕೆಂಡಿಗೆ 60 ವಚನ. ರೂಢಿಯ ಎಣಿಕೆಯಲ್ಲಿ ವಚನಗಳು 31,102. ಡಿಸ್ಕ್ ತಿರುಗುವುದನ್ನು ಕಾಯಲಿಕ್ಕೇ ಒಂಬತ್ತು ನಿಮಿಷ ಹತ್ತಿರ ಹತ್ತಿರ. ಬೈತಖೋಲ್ ಬಂದರಿನಲ್ಲಿ ಬಂಗಡೆಯನ್ನು ಒಂದೊಂದೇ ಕೈಯಲ್ಲಿ ಹಿಡಿದು ದಡಕ್ಕಿಟ್ಟು ಮತ್ತೆ ಬೋಟು ಹತ್ತುವವನನ್ನು ಕಂಡರೆ ನಾವೆಲ್ಲ ನಗುತ್ತೇವೆ. ನಾನು ಬರೆದದ್ದು ಅದನ್ನೇ. ಎಲ್ಲವನ್ನೂ ಕೊನೆಗೊಂದೇ ಕಮಿಟ್ ಇರುವ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿದೆ.

ನಡುವೆ, ಡಿಸ್ಕಿಗೆ ಇಳಿಯುವುದನ್ನು ಕಾಯದೆ ಮುಂದೆ ಹೋಗುವ ಸಿಂಕ್ರೊನಸ್ ಆಫ್ ಎಂಬ ಅಡ್ಡದಾರಿಯನ್ನೂ ಹಿಡಿದಿದ್ದೆ. ವೇಗ ಬಂತು. ಆದರೆ ಜುಲೈ ತಿಂಗಳು, ಹೊರಗೆ ಧಾರಾಕಾರ ಮಳೆ, ಯುಪಿಎಸ್ ಸತ್ತು ವರ್ಷವಾಗಿದೆ. ಕರೆಂಟ್ ಹೋಗಿ ಬಂದ ಮೇಲೆ ‘ಡೇಟಾಬೇಸ್ ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್’. ಒಂದೇ ಟ್ರಾನ್ಸಾಕ್ಷನ್ ಇದ್ದರೆ ಆ ಅಡ್ಡದಾರಿಯಿಂದ ಉಳಿಯುವ ಸಮಯ ಎಷ್ಟೂ ಇಲ್ಲ, ತೆಗೆದುಹಾಕಿದೆ.

ಇಷ್ಟಾದರೂ ಅರ್ಧ ಗಂಟೆ ಉಳಿದೇ ಇತ್ತು. ಸೇರಿಸುವ ಮೊದಲು ‘ಈ ವಚನ ಆಗಲೇ ಇದೆಯೇ’ ಎಂದು ಕೇಳುತ್ತಿದ್ದೆ, ಟೇಬಲ್‌ಗೆ ಇಂಡೆಕ್ಸೇ (ಸಾಲನ್ನು ನೇರ ತೋರಿಸುವ ಸೂಚಿ) ಇರಲಿಲ್ಲ. ಪ್ರತಿ ಸಲ ಅದುವರೆಗಿನ ಸಾಲುಗಳನ್ನೆಲ್ಲ ತಡಕಾಟ. ಕೂಡಿಸಿ ನೋಡಿದರೆ 48 ಕೋಟಿ ಸಾಲು! ಪುಸ್ತಕ, ಅಧ್ಯಾಯ, ವಚನ ಸೇರಿಸಿ ಒಂದು ಸಂಖ್ಯೆ ಮಾಡಿದೆ. ಯೋಹಾನ 43ನೇ ಪುಸ್ತಕ, ಹಾಗಾಗಿ ಯೋಹಾನ 3:16 ಎಂದರೆ 43003016. ವಚನಕ್ಕೆ ಮೂರು ಅಂಕಿ ಯಾಕೆಂದರೆ ಕೀರ್ತನೆ 119ರಲ್ಲಿ 176 ವಚನಗಳಿವೆ. ಈ ಸಂಖ್ಯೆಯೇ ಪ್ರೈಮರಿ ಕೀ, ಅಂದರೆ ಎರಡು ಸಲ ಬರಲಾಗದ ಗುರುತು. ಆಗಲೇ ಇದ್ದರೆ ಬಿಟ್ಟುಬಿಡು ಎನ್ನುವ ‘ಇನ್ಸರ್ಟ್ ಆರ್ ಇಗ್ನೋರ್’ ಹಾಕಿದ ಮೇಲೆ ಕೇಳುವ ಕೆಲಸವೇ ತಪ್ಪಿತು.

ಉಳಿದದ್ದು ಹುಡುಕಾಟದ ಎಫ್‌ಟಿಎಸ್5 ಟೇಬಲ್. ಟ್ರಿಗರ್ ಇಟ್ಟು ವಚನಕ್ಕೊಮ್ಮೆ ತುಂಬುತ್ತಿದ್ದುದನ್ನು ಬಿಟ್ಟು, ಎಲ್ಲ ಮುಗಿದ ಮೇಲೆ ಒಮ್ಮೆ ರೀಬಿಲ್ಡ್ ಕೊಟ್ಟೆ. ಆಗ ಇನ್ನೊಂದು ಹುಳುಕು ಸಿಕ್ಕಿತು. ಸಾಲನ್ನು ಪದಗಳಾಗಿ ಒಡೆಯುವ ಅದರ ಯುನಿಕೋಡ್61 ಟೋಕನೈಸರ್ ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗ ಎಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆ, ಒತ್ತಕ್ಷರ ಕಟ್ಟುವ ವಿರಾಮ (್) ಎಲ್ಲ ಅದಕ್ಕೆ ಖಾಲಿ ಜಾಗ ಇದ್ದ ಹಾಗೆ. ‘ದೇವರು’ ಎಂಬುದು ‘ದ’, ‘ವರ’ ಎಂದು ಎರಡು ತುಂಡು! ಪದಗಳೆಲ್ಲ ಚೂರಾಗಿ ಇಂಡೆಕ್ಸಿಗೆ ಹೋಗುತ್ತಿದ್ದವು, ಉತ್ತರಗಳಲ್ಲೂ ಕಸ. ಕೆಟಗರೀಸ್ ಆಯ್ಕೆಯಲ್ಲಿ ಇಂಥ ಚಿಹ್ನೆಗಳ ಗುಂಪುಗಳಾದ ಎಂಎನ್, ಎಂಸಿ ಎರಡನ್ನೂ ಸೇರಿಸಿದ ಮೇಲೆ ಪದ ಪದವಾಗಿ ಉಳಿಯಿತು. ವೇಗದ ಹಿಂದೆ ಬೀಳದಿದ್ದರೆ ಇದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಈಗ ಪೂರ್ತಿ ಆಮದಿಗೆ ಎಂಟು ಸೆಕೆಂಡ್.

ಪಾಸ್ಟರ್ ‘ಸಮುದ್ರ’ ಹುಡುಕಿದರು. ‘ಸಮುದ್ರದಲ್ಲಿ’, ‘ಸಮುದ್ರದ’ ಯಾವುದೂ ಬರಲಿಲ್ಲ. ಪದದ ಕೊನೆಗೆ, ‘ಮುಂದೆ ಏನಿದ್ದರೂ ಸರಿ’ ಎನ್ನುವ ನಕ್ಷತ್ರಚಿಹ್ನೆ (*) ತಾನಾಗಿ ಸೇರುವಂತೆ ಮಾಡಿ ಕೊಟ್ಟೆ. ಮರುದಿನ ಫೋನ್: “ತಮ್ಮಾ, ಸಮುದ್ರ ಸರಿಯಾಯ್ತು. ಆದರೆ ಮರ ಹುಡುಕಿದರೆ ಮರಣ ಎಲ್ಲ ಬರ್ತದಲ್ಲ ಮಾರಾಯ?”