ಮಳೆನೀರಲ್ಲಿ ಸಾಲ್ಟ್ ಸ್ಪ್ರೇ: ಸುಂಟಿಕೊಪ್ಪದ ಲ್ಯಾಬಿನಿಂದ ನನ್ನ ಅನುಭವ

ಕೊಡಗಿನಲ್ಲಿ ಕೂತು ವಿಮಾನದ ಬಿಡಿಭಾಗಗಳಿಗೆ ಸಾಲ್ಟ್ ಸ್ಪ್ರೇ ಟೆಸ್ಟ್ (ಉಪ್ಪುನೀರಿನ ಮಂಜಿನಲ್ಲಿಟ್ಟು ಲೇಪನ ತುಕ್ಕು ತಡೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಮಾಡುತ್ತೇನೆ ಅಂದಾಗ ಪೀಣ್ಯದ ನನ್ನ ಹಳೇ ಬಳಗ ನಕ್ಕಿತ್ತು. "ಮೇಡಂ, ಅಲ್ಲಿ ಹೊರಗೆ ನೇತು ಹಾಕಿದರೂ ತುಕ್ಕು ಹಿಡಿಯುತ್ತೆ, ಚೇಂಬರ್ ಯಾಕೆ ದಂಡ?" ಅಂದವರ ಶಾಪಿನ ಪ್ಯಾನೆಲ್‌ಗಳೇ (ಲೇಪನ ಮಾಡಿದ ಮಾದರಿ ತಗಡುಗಳು) ಇವತ್ತು ನನ್ನ ಚೇಂಬರಿನಲ್ಲಿ ಆರು ಡಿಗ್ರಿ ಓರೆಯಾಗಿ ನಿಂತಿವೆ. 336 ಗಂಟೆ ಮುಗಿಸಿ, ರಿಪೋರ್ಟ್ ತಗೊಂಡು ಹೋಗಲಿವೆ.

ನಾನು ಈ ಕಸುಬಿಗೆ ಬಂದದ್ದು ತೊಂಬತ್ತರ ದಶಕದ ನಡುವೆ. ಮಡಿಕೇರಿಯಲ್ಲಿ ಬಿಎಸ್‌ಸಿ ಮುಗಿಸಿ ಬೆಂಗಳೂರಿನ ಒಂದು ಪ್ಲೇಟಿಂಗ್ (ಲೋಹಲೇಪನ) ಶಾಪಿಗೆ ಕೆಮಿಸ್ಟ್ ಆಗಿ ಸೇರಿದೆ. ಲೈನಿನಲ್ಲಿ ನಾನೊಬ್ಬಳೇ ಹೆಂಗಸು. ಆಗಿನ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಸಂಜೆ 7ಕ್ಕೆ ನಾನು ಗೇಟಿನ ಆಚೆ ಇರಬೇಕಿತ್ತು. ಕ್ಯಾಡ್ಮಿಯಂ ಲೇಪನದ ಕೆಲಸ ಗೊತ್ತಿದ್ದವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಹೈ ಸ್ಟ್ರೆಂತ್ ಸ್ಟೀಲ್ ಪ್ಲೇಟ್ ಆದ ನಾಲ್ಕು ಗಂಟೆಯೊಳಗೆ ಓವನ್ ಸೇರಬೇಕು, 190 ಡಿಗ್ರಿಯಲ್ಲಿ 23 ಗಂಟೆ. ಲೇಪನದ ವೇಳೆ ಒಳಸೇರಿದ ಹೈಡ್ರೋಜನ್ ಹೊರಹೋಗದಿದ್ದರೆ ಸ್ಟೀಲ್ ಬಿರಿಯುತ್ತದೆ. ಮಧ್ಯಾಹ್ನದ ಮೇಲೆ ಪ್ಲೇಟ್ ಆದದ್ದು ನಿಜಕ್ಕೂ ಎಷ್ಟು ಹೊತ್ತಿಗೆ ಓವನ್‌ಗೆ ಹೋಯಿತು ಅನ್ನುವುದು ರಾತ್ರಿ ಪಾಳಿಯವರಿಗೇ ಗೊತ್ತು. ಲಾಗ್ ಬುಕ್ಕಿನಲ್ಲಿ ಮಾತ್ರ ಯಾವಾಗಲೂ ಮೂರೂವರೆ ಗಂಟೆ. ಆದರೆ ನಾಚ್ ಬಾರ್‌ಗಳು (ಭಾರ ಹಾಕಿ ಪರೀಕ್ಷಿಸುವ, ಕಚ್ಚು ಕೊರೆದ ಮಾದರಿಗಳು) 200 ಗಂಟೆ ತಡೆಯದೆ ಮುರಿಯುತ್ತಿದ್ದವು. ಜಗಳ ಆಡಿ, ಆ ಸ್ಟೀಲಿನ ಕೆಲಸವೆಲ್ಲ ಬೆಳಿಗ್ಗೆ 11ರ ಒಳಗೆ ಟ್ಯಾಂಕಿನಿಂದ ಹೊರಗೆ ಬರಬೇಕು ಅಂತ ಮಾಡಿಸಿದೆ. ಬಾರ್ ಮುರಿಯುವುದು ನಿಂತಿತು. ಒಂದೆರಡು ವರ್ಷದಲ್ಲಿ ಲ್ಯಾಬ್ ನನ್ನ ಕೈಗೆ ಬಂತು. ಮುಂದೆ ನಾಡ್‌ಕ್ಯಾಪ್ (ವಿಮಾನ ಉದ್ಯಮದ ಗುಣಮಟ್ಟ ಮಾನ್ಯತೆ) ಆಡಿಟರ್ ಎದುರು ಕೂರುವ ಕೆಲಸವೂ ಬಂತು.

ಊರಿಗೆ ವಾಪಸ್ ಬಂದದ್ದು 2016ರ ಸುಮಾರಿಗೆ. ಸುಂಟಿಕೊಪ್ಪದ ಹತ್ತಿರ ನಮ್ಮದೇ ಹಳೇ ಕಾಫಿ ಗೋಡೌನ್ ಖಾಲಿ ಇತ್ತು. ಕರಿಮೆಣಸಿಗೆ ಆಗ ಕೆಜಿಗೆ 600 ರೂಪಾಯಿ ದಾಟಿದ ಕಾಲ. ಎರಡು ಕೊಯ್ಲಿನ ದುಡ್ಡು, ಮೇಲೆ ಚಿನ್ನದ ಸಾಲ, ಒಟ್ಟು 20-22 ಲಕ್ಷ ಸುರಿದೆ. ಸೆಕೆಂಡ್ ಹ್ಯಾಂಡ್ ಚೇಂಬರಿಗೆ ಮೂರು ಲಕ್ಷದ ಹತ್ತಿರ. ಉಳಿದದ್ದು ತೂಕದ ಬ್ಯಾಲೆನ್ಸ್, ಜನರೇಟರ್, ಕ್ಯಾಲಿಬ್ರೇಶನ್, ಎನ್‌ಎಬಿಎಲ್ (ಲ್ಯಾಬ್ ಮಾನ್ಯತೆ) ಅಂತ ಕರಗಿತು. ಅಲ್ಯೂಮಿನಿಯಂ ಅನೋಡೈಸಿಂಗ್‌ಗೆ (ಮೇಲೆ ಆಕ್ಸೈಡ್ ಪದರ ಬೆಳೆಸುವುದು) ಬಳಸುವ ಕ್ರೋಮಿಕ್ ಆಸಿಡ್‌ಗೆ ಯುರೋಪಿನಲ್ಲಿ 2017ರ ಸೆಪ್ಟೆಂಬರ್ ಗಡುವು ಬಂದಿತ್ತು, ಆಮೇಲೆ ವಿಶೇಷ ಅನುಮತಿ ಇಲ್ಲದೆ ಬಳಸುವಂತಿಲ್ಲ. ಅದರ ಬದಲು ಟಾರ್ಟಾರಿಕ್-ಸಲ್ಫ್ಯೂರಿಕ್ ಆಸಿಡ್ ಕಡೆ ತಿರುಗಿದ ಶಾಪುಗಳಿಗೆ ಟೆಸ್ಟ್ ಪ್ಯಾನೆಲ್‌ಗಳ ಅಗತ್ಯ ಏರುತ್ತದೆ ಅನ್ನುವ ನನ್ನ ಲೆಕ್ಕ ತಪ್ಪಲಿಲ್ಲ.

ನನ್ನ ಬಂಡವಾಳ ಅಂದರೆ ನೀರು. ಸಾಲ್ಟ್ ಸ್ಪ್ರೇಯ ಮಾನದಂಡವಾದ ಎಎಸ್‌ಟಿಎಂ ಬಿ117ಕ್ಕೆ ಬೇಕಾದ ನೀರಿನ ವಾಹಕತೆ (ಕರಗಿದ ಲವಣದ ಸೂಚಕ) 5 ಮೈಕ್ರೋಸೀಮೆನ್ಸ್ ಒಳಗಿರಬೇಕು. ಪೀಣ್ಯದ ಬೋರ್‌ವೆಲ್ ಸಾವಿರ ದಾಟುತ್ತಿತ್ತು, ಲವಣ ಹೀರುವ ರೆಸಿನ್ನನ್ನು ಮತ್ತೆ ಮತ್ತೆ ರೀಜನರೇಶನ್ (ತೊಳೆದು ಚುರುಕು) ಮಾಡಿಯೇ ದುಡ್ಡು ಹೋಗುತ್ತಿತ್ತು. ಇಲ್ಲಿ ಜುಲೈ ಮಳೆ ಆಕಾಶದಿಂದಲೇ ಹತ್ತು ಹದಿನೈದರಲ್ಲಿ ಇಳಿಯುತ್ತದೆ. ಆದರೆ ಹಿಡಿಯುವುದು ಹೇಗೆ? ಹೆಂಚಿನ ಮಾಡಿನ ನೀರಲ್ಲಿ ಪಾಚಿ, ಸಿಲಿಕಾ. ಅನೋಡೈಸ್ ಪದರದ ರಂಧ್ರ ಮುಚ್ಚುವ ಸೀಲಿಂಗ್ ಟ್ರಯಲ್‌ಗೆ ಅದನ್ನು ಹಾಕಿದರೆ ಸೀಲೇ ಆಗಲಿಲ್ಲ. ಜಿಐ ಶೀಟಿನಿಂದ ಹಿಡಿದದ್ದರಲ್ಲಿ ಸತು. ಮಾರ್ಚಿನ ಹೂಮಳೆಯಂತೂ ಧೂಳು, ಪರಾಗ ತುಂಬಿ ನೊರೆ ಬರುತ್ತದೆ. ಅದನ್ನು ಮುಟ್ಟಲೇಬೇಡಿ. ಕೊನೆಗೆ ಕೈಹಿಡಿದದ್ದು ಕಾಫಿ ಒಣಗಿಸುವ ದಪ್ಪ ಪ್ಲಾಸ್ಟಿಕ್ ಹಾಳೆ, ಹೊಸದು. ಅಂಗಳದಲ್ಲಿ ಕಂಬಕ್ಕೆ ಎತ್ತಿ ಕಟ್ಟಿ, ಮಳೆ ಜೋರಾಗಿ ಹಿಡಿದ ಮೇಲಷ್ಟೇ ಪೈಪ್ ಟ್ಯಾಂಕಿಗೆ ತಿರುಗಿಸುತ್ತೇನೆ. ಐದು ಸಾವಿರ ಲೀಟರಿನ ಎರಡು ಟ್ಯಾಂಕ್ ತುಂಬಿದರೆ ಬೇಸಿಗೆ ದಾಟುತ್ತದೆ, ದಿನದ ಖರ್ಚು ಮೂವತ್ತು ಮೂವತ್ತೈದು ಲೀಟರ್ ಅಷ್ಟೇ. ರೆಸಿನ್ ದಾಟಿದ ಮೇಲೆ ಒಂದರ ಕೆಳಗೆ. ಮಿಕ್ಸೆಡ್ ಬೆಡ್‌ಗೆ (ಎರಡು ಬಗೆಯ ರೆಸಿನ್ ಬೆರೆತ ಕೊನೇ ಹಂತ) ಮುಂಚಿನ ಮೊದಲ ಡ್ರಮ್ಮಿನಲ್ಲಿ ಏನು ತುಂಬಿದ್ದೇನೆ ಅಂತ ಕೇಳಬೇಡಿ, ಅದು ನನ್ನಲ್ಲೇ ಇರಲಿ.

ಅಷ್ಟಾದರೂ ಪಿಎಚ್ ಕಾಟ ಕೊಟ್ಟಿತು. ಟಬ್ಬಿನಲ್ಲಿ 6.8 ಇದ್ದ ದ್ರಾವಣ, ಚೇಂಬರಿನೊಳಗೆ ಮಂಜು ಹಿಡಿಯುವ ಫನೆಲ್‌ನಿಂದ ಬಂದಾಗ ಮಿತಿಯಾದ 7.2 ಮೀರುತ್ತಿತ್ತು. ತಣ್ಣನೆ ನೀರಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ 35 ಡಿಗ್ರಿಗೆ ಹಾರಿಹೋದರೆ ಹಾಗೆಯೇ. ಈಗ ಉಪ್ಪು ಕಲಸಿ ರಾತ್ರಿಯಿಡೀ 35ರಲ್ಲಿ ಇಟ್ಟು, ಬೆಳಿಗ್ಗೆ ಸರಿಮಾಡುತ್ತೇವೆ. ಆಮೇಲೆ ತಕರಾರಿಲ್ಲ.

ಕರೆಂಟ್ ವಿಷಯ ಕೇಳಿದರೆ ಅಳು ಬರುತ್ತದೆ. ಜುಲೈಯಲ್ಲಿ ಮರ ಬಿದ್ದರೆ ಮೂರು ದಿನ ಲೈನಿಲ್ಲ. ತಿಂಗಳಿಗೆ ಡೀಸೆಲ್‌ಗೇ 15-20 ಸಾವಿರ ಹೋದದ್ದಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ಚೇಂಬರ್ ತುಂಬ ಪ್ಯಾನೆಲ್ ಇತ್ತು. ಅರ್ಧ ದಾರಿಯಲ್ಲೇ ಟೆಸ್ಟ್ ನಿಲ್ಲಿಸಿ, ಗ್ರಾಹಕರಿಗೆ ಅಷ್ಟೂ ದುಡ್ಡು ಬಿಟ್ಟುಕೊಟ್ಟೆ. ಜನ ಮನೆ ಕಳಕೊಂಡಿರುವಾಗ ಅದು ಯಾವ ನಷ್ಟ.

ತೂಕದ ಕೆಲಸ ಇನ್ನೊಂದು ತಲೆನೋವು. ಸೀಲ್ ಮಾಡದ ಅನೋಡಿಕ್ ಫಿಲ್ಮ್ ಇಲ್ಲಿನ ಗಾಳಿಯಿಂದ ಸ್ಪಂಜಿನ ಹಾಗೆ ತೇವ ಹೀರುತ್ತದೆ. ಕೋಟಿಂಗ್ ವೇಟ್ (ಪದರದ ತೂಕ) ತೆಗೆಯುವಾಗ ಬ್ಯಾಲೆನ್ಸ್ ಕಣ್ಣೆದುರೇ ಏರುತ್ತ ಹೋಗುತ್ತಿತ್ತು. ಆ ಕೋಣೆಗೆ ಡೀಹ್ಯೂಮಿಡಿಫೈಯರ್, ಪ್ಯಾನೆಲ್‌ಗೆ ಡೆಸಿಕೇಟರ್ (ತೇವ ತಾಗದ ಮುಚ್ಚಿದ ಪಾತ್ರೆ). ಡೆಸಿಕೇಟರಿನಿಂದ ತಟ್ಟೆಗೆ ಎಷ್ಟು ಸೆಕೆಂಡಿನಲ್ಲಿ ಅನ್ನುವುದು ನಮ್ಮ ಹುಡುಗಿಯರ ಕೈಗೆ ಗೊತ್ತು. ಹೌದು, ಲ್ಯಾಬಿನಲ್ಲಿ ನಾಲ್ವರೂ ಹೆಂಗಸರೇ. ಬೇಕಂತಲೇ.

ಬಿಡುವಿನಲ್ಲಿ ಒಂದು ಹುಚ್ಚು. ಸ್ಟೇನ್‌ಲೆಸ್ ಸ್ಟೀಲಿನ ಮೇಲಿನ ಕಬ್ಬಿಣದ ಕಣ ತೆಗೆಯುವ ಪ್ಯಾಸಿವೇಶನ್‌ಗೆ ಸಿಟ್ರಿಕ್ ಆಸಿಡ್ ಬಳಸುತ್ತಾರಲ್ಲ, ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಯಾಕಾಗಬಾರದು ಅಂತ ನೋಡಿದೆ. ಅದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆ. ನೀರಲ್ಲಿ ತೆಳುಮಾಡಿ, ಬಿಸಿ ಮಾಡಿ, 304 ಸ್ಟೇನ್‌ಲೆಸ್ ತುಂಡುಗಳನ್ನು ಅದ್ದಿ, ಆರು ನಿಮಿಷದ ಕಾಪರ್ ಸಲ್ಫೇಟ್ ಪರೀಕ್ಷೆ. ಕಬ್ಬಿಣದ ಕಣ ಉಳಿದಿದ್ದರೆ ಅದರ ಮೇಲೆ ತಾಮ್ರ ಕೂರುತ್ತದೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತು (ಅದೂ ಕಾಪರ್ ಸಲ್ಫೇಟೇ) ಮನೆ ತುಂಬ ಇದ್ದರೂ ಲ್ಯಾಬ್ ಗ್ರೇಡೇ ಬಳಸಿದೆ. ಕೆಲವು ಪಾಸ್, ಕೆಲವಕ್ಕೆ ತಾಮ್ರ ಕೂತಿತು. ಒಂದು ಬಾಟಲಿಯ ಹುಳಿ ಇನ್ನೊಂದರಲ್ಲಿಲ್ಲ, ಅಂಟು ಬೇರೆ. ವಿಮಾನಕ್ಕೆ ಸಾಧ್ಯವೇ ಇಲ್ಲ. ಪಕ್ಕದ ಮನೆಯವರ ತುಕ್ಕು ಹಿಡಿದ ಒಡಿಕತ್ತಿ (ಕೊಡವರ ಬಾಗಿದ ಕತ್ತಿ) ಮಾತ್ರ ಚೆನ್ನಾಗಿ ಹೊಳೆಯಿತು, ಈಗ ಪ್ರತಿ ಕೈಲ್‌ಪೊಳ್ದ್‌ (ಆಯುಧ ಪೂಜೆಯ ಕೊಡವ ಹಬ್ಬ) ಮುಂಚೆ ಕತ್ತಿಗಳ ಸಾಲು ನಿಲ್ಲುತ್ತದೆ.

ಹಾಕಿದ ದುಡ್ಡು ವಾಪಸ್ ಬರಲು ಐದು ವರ್ಷದ ಮೇಲೆ ಹಿಡಿಯಿತು. ಈಗ ಎರಡನೇ ಚೇಂಬರ್ ಇದೆ, ಅದು ಹೊಸದು. ಇಷ್ಟು ನೀರಿದೆ, ಚಿಕ್ಕದೊಂದು ಅನೋಡೈಸಿಂಗ್ ಲೈನನ್ನೂ ಹಾಕಬಾರದೇ ಅಂತ ಬೆಂಗಳೂರಿನವರು ಆಗಾಗ ಕೇಳುತ್ತಾರೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ನಾನು ಲೈನ್ ಹಾಕಲ್ಲ, ಮಾಲಿನ್ಯ ನಿಯಂತ್ರಣ ಬೋರ್ಡ್ ಅನುಮತಿ ಕೊಟ್ಟರೂ ಹಾಕಲ್ಲ. ತೂಕಕ್ಕಾಗಿ ಪದರ ಕರಗಿಸುವ ಸ್ಟ್ರಿಪ್ಪಿಂಗಿನಿಂದ ಬರುವ ನಾಲ್ಕು ಕ್ಯಾನ್ ಕ್ರೋಮ್ ನೀರನ್ನೇ ಮೆಟಾಬೈಸಲ್ಫೈಟ್ ಹಾಕಿ ಹಳದಿಯಿಂದ ಹಸಿರಿಗೆ ತಂದು, ಸುಣ್ಣದಲ್ಲಿ ಇಳಿಸಿ, ಕೆಸರನ್ನು ಡಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕಳಿಸುವಷ್ಟರಲ್ಲಿ ಸಾಕಾಗಿರುತ್ತದೆ. ಪ್ಯಾನೆಲ್ ಕಳಿಸುವುದಾದರೆ ಕಳಿಸಿ. ಪೇಪರಿನಲ್ಲಿ ಸುತ್ತಿ, ಬರಿಗೈಯಲ್ಲಿ ಮುಟ್ಟದೆ.