ಬೇಳೆ ಬೆಂದ ಮೇಲೆ ಬಕೆಟ್ ಹಗುರವಾಯಿತು: ಬಿಸಿಯೂಟದಲ್ಲಿ ನನ್ನ ಅನುಭವ

ನಮ್ಮ ಶಾಲೆಯಲ್ಲಿ ಬಿಸಿಯೂಟದ ನಂತರ ತಟ್ಟೆಗಳಲ್ಲಿ ಉಳಿದ ಎಂಜಲನ್ನು ದಿನವೂ ತೂಗಿ ಪುಸ್ತಕದಲ್ಲಿ ಬರೆದಿಡುತ್ತೇವೆ. "ಎಂಜಲು ತೂಗಿದರೆ ಮಕ್ಕಳು ತರಕಾರಿ ತಿನ್ನುತ್ತಾರೆಯೇ?" ಎಂದು ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ನನ್ನನ್ನು ಕೇಳಿದವರೇ ಈಚೆಗೆ ನಮ್ಮ ಶಾಲೆಗೆ ಬಂದು ಆ ತೂಕದ ಪುಸ್ತಕದ ಪುಟಗಳ ಫೋಟೊ ತೆಗೆದುಕೊಂಡು ಹೋದರು. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ಅಕ್ಷರ ದಾಸೋಹ ಎಂಬ ಸರ್ಕಾರಿ ಬಿಸಿಯೂಟ ಯೋಜನೆಯ ಲೆಕ್ಕಪತ್ರ, ಅಡುಗೆ ಕೋಣೆಯ ನಿಯಮಗಳು ಇದನ್ನು ಓದುವ ಮುಖ್ಯ ಶಿಕ್ಷಕರಿಗೆ ಗೊತ್ತೇ ಇರುವುದರಿಂದ ಅವುಗಳನ್ನು ವಿವರಿಸುವುದಿಲ್ಲ. ಕೆಳಗಿನ ಅಂಕಿಗಳಲ್ಲಿ ಹೆಚ್ಚಿನವು ನೆನಪಿನವು. ಸ್ವಲ್ಪ ಆಚೀಚೆ ಇರಬಹುದು.

ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೆಯ ತರಗತಿಯವರೆಗೆ ದಾಖಲಾತಿ ಸುಮಾರು 180, ದಿನದ ಹಾಜರಾತಿ 165ರ ಆಸುಪಾಸು. ಐದನೆಯ ತರಗತಿಯವರೆಗೆ ತಲೆಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಆರು ಮತ್ತು ಏಳಕ್ಕೆ ಅದರ ಒಂದೂವರೆ ಪಟ್ಟು ಎಂಬ ಲೆಕ್ಕದಲ್ಲಿ ದಿನಕ್ಕೆ ಇಪ್ಪತ್ತು ಕಿಲೋ ಅಕ್ಕಿ, ನಾಲ್ಕು ಕಿಲೋ ತೊಗರಿಬೇಳೆ, ಹತ್ತು ಕಿಲೋ ತರಕಾರಿ ಒಲೆಗೆ ಹೋಗುತ್ತದೆ. ನಾನು 2017ರಲ್ಲಿ ಇಲ್ಲಿಗೆ ಬಂದಾಗ ಆ ಹತ್ತು ಕಿಲೋ ತರಕಾರಿಯಲ್ಲಿ ಅರ್ಧದಷ್ಟು ಕೈತೊಳೆಯುವ ಕಟ್ಟೆಯ ಮೋರಿಯಲ್ಲಿ ಕಾಣುತ್ತಿತ್ತು. ಪಡಿಯ ಪ್ರಕಾರ ಚಿಕ್ಕ ಮಕ್ಕಳಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಕೊಟ್ಟೆವೆಂದು ನಾವು ವಹಿಯಲ್ಲಿ ಬರೆಯುತ್ತಿದ್ದೆವು. ಕೊಟ್ಟದ್ದು ನಿಜ, ಮಕ್ಕಳ ಹೊಟ್ಟೆ ಸೇರಿದ್ದು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಈ ವಿಷಯ ನನ್ನನ್ನು ಬಹಳ ದಿನ ಕಾಡಿತು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ ಆಗಿತ್ತು. ಪ್ರಾರ್ಥನೆಯ ವೇಳೆ ತರಕಾರಿಯ ಮಹತ್ವ ಹೇಳಿದೆ, ತಟ್ಟೆಯಲ್ಲಿ ಬಿಟ್ಟವರನ್ನು ಗದರಿದೆ. ಫಲ ಸಿಗಲಿಲ್ಲ. ಅನಂತರ ತರಕಾರಿಯನ್ನೆಲ್ಲ ಬೇಯಿಸಿ ರುಬ್ಬಿ ಸಾರಿಗೆ ಸೇರಿಸಿದೆವು. ಸೊಪ್ಪಿನ ದಿನ ಸಾರು ಕಡುಹಸಿರಾಗಿ, ಮಕ್ಕಳು ಅನ್ನವನ್ನೂ ಮುಟ್ಟದೆ ಎದ್ದರು. ಅದಕ್ಕಾಗಿ ಕೊಂಡ ಮಿಕ್ಸರಿನ ಜಾರ್‌ಗೆ ಖರ್ಚಾದ ಎರಡು ಸಾವಿರ ರೂಪಾಯಿಯೂ ವ್ಯರ್ಥವಾಯಿತು.

ಮುಂದಿನ ವರ್ಷ ಕೈತೋಟಕ್ಕೆ ಕೈಹಾಕಿದೆ. ಬೇಲಿ, ಪೈಪು, ಬೀಜ, ಗೊಬ್ಬರಗಳಿಗೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರ ದೇಣಿಗೆಯೂ ನನ್ನ ಕೈಯಿಂದಲೂ ಸೇರಿ ಹನ್ನೊಂದು ಸಾವಿರದಷ್ಟು ಖರ್ಚಾಯಿತು. ಟೊಮೆಟೊ, ಬದನೆ ಚೆನ್ನಾಗಿಯೇ ಬಂದವು. ಆದರೆ ಏಪ್ರಿಲ್ ರಜೆಯಲ್ಲಿ ನೀರು ಹಾಯಿಸುವವರಿಲ್ಲದೆ ಒಣಗಿದವು, ಉಳಿದದ್ದನ್ನು ಮೇಕೆಗಳು ತಿಂದವು. ರಜೆಯನ್ನು ತಾಳಿಕೊಳ್ಳದ ಗಿಡವನ್ನು ಶಾಲೆಯಲ್ಲಿ ನೆಡಬಾರದೆಂಬ ಪಾಠಕ್ಕೆ ಅಷ್ಟು ಹಣ ತೆರಬೇಕಾಯಿತು. ಈಗ ಇರುವುದು ನುಗ್ಗೆ, ಕರಿಬೇವು, ಪರಂಗಿ, ಬಾಳೆ ಮತ್ತು ಬಸಳೆ ಮಾತ್ರ. ತಟ್ಟೆ ತೊಳೆದ ನೀರನ್ನು ಹಾಗೆಯೇ ಹರಿಸಿದಾಗ ಸೋಪಿನ ಪುಡಿಯಿಂದ ಬಸಳೆಯ ಎಲೆ ಹಳದಿಯಾಯಿತು. ಆದ್ದರಿಂದ ಉಜ್ಜಿದ ಮೊದಲ ನೀರನ್ನು ಜಲ್ಲಿ, ಇದ್ದಿಲು ತುಂಬಿದ ಗುಂಡಿಯ ಮೂಲಕ ಬಾಳೆಗೂ, ಕೈತೊಳೆದ ನೀರನ್ನು ಮಾತ್ರ ಸೊಪ್ಪಿಗೂ ಬಿಡುತ್ತೇವೆ.

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿ, ಬಿಸಿಯೂಟದ ಬದಲು ಆಹಾರ ಧಾನ್ಯವನ್ನು ಮನೆಗಳಿಗೇ ಕೊಟ್ಟೆವು. ಶಾಲೆ ಮರಳಿ ತೆರೆದ ಮೇಲೆ ನೋಡಿದರೆ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮನೆಯಿಂದ ಡಬ್ಬಿ ತರಲು ತೊಡಗಿದ್ದರು. ಆಗಲೇ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಂಡು ತಂದು ಎಂಜಲು ಬಕೆಟ್ಟನ್ನು ತೂಗಲು ಆರಂಭಿಸಿದೆ. ಇಲ್ಲಿಯೂ ಮೊದಲಿಗೆ ತಪ್ಪು ಮಾಡಿದೆ. ತರಗತಿವಾರು ತೂಗಿ, ಕಡಿಮೆ ಎಂಜಲು ಬಿಟ್ಟ ತರಗತಿಯನ್ನು ಹೊಗಳುತ್ತಿದ್ದೆ. ಒಂದೇ ವಾರದಲ್ಲಿ ತೂಕ ಅರ್ಧಕ್ಕಿಳಿಯಿತು, ನನಗೆ ಸಂತೋಷವೂ ಆಯಿತು. ಆದರೆ ಎಂಟು-ಹತ್ತು ದಿನಗಳಲ್ಲಿ ಕಾಂಪೌಂಡಿನ ಹಿಂದೆ, ಬೇವಿನ ಮರದ ಬುಡದಲ್ಲಿ ಅನ್ನದ ರಾಶಿ ಕಂಡಿತು. ಮಕ್ಕಳು ನನಗೆ ಹೆದರಿ ಊಟವನ್ನು ಅಲ್ಲಿ ಸುರಿದು ಬರುತ್ತಿದ್ದರು. ಅಂದೇ ತರಗತಿಯ ಹೋಲಿಕೆಯನ್ನು ನಿಲ್ಲಿಸಿದೆ. ಅಂದಿನಿಂದ ಮಕ್ಕಳು ತರಗತಿಗೆ ಹೋದ ಮೇಲೆ, ಇಡೀ ಶಾಲೆಯದನ್ನು ಒಟ್ಟಾಗಿ, ಅನ್ನಸಾರಿಗೆ ಒಂದು ಮತ್ತು ತರಕಾರಿ ಹೋಳುಗಳಿಗೆ ಒಂದರಂತೆ ಎರಡು ಬಕೆಟ್‌ಗಳಲ್ಲಿ ತೂಗುತ್ತೇವೆ. ತೂಕದ ಮುಂದೆ ಅಂದಿನ ತರಕಾರಿ, ಊಟ ಬಡಿಸಿದ ಹೊತ್ತು, ಬೇಳೆ ಹೇಗಿತ್ತೆಂಬ ಒಂದು ಮಾತು ಬರೆಯುತ್ತೇವೆ. ಇದನ್ನು ಯಾರಾದರೂ ಮಾಡುವುದಾದರೆ ಮಕ್ಕಳಿಗೆ ತೂಕ ಕಾಣಿಸದಂತೆ ನೋಡಿಕೊಳ್ಳಬೇಕೆಂಬುದು ನನ್ನ ಒತ್ತಾಯದ ಮಾತು.

ಮೂರು ತಿಂಗಳ ಸರಾಸರಿ ದಿನಕ್ಕೆ ಹದಿಮೂರು ಕಿಲೋ ದಾಟಿತು. ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಾಗ ನಾನು ನಿರೀಕ್ಷಿಸಿದ್ದು ಕಾಣಲಿಲ್ಲ. ಇಂಥ ತರಕಾರಿಯ ದಿನ ಎಂಜಲು ಹೆಚ್ಚು, ಇಂಥದ್ದರ ದಿನ ಕಡಿಮೆ ಎಂಬ ಕ್ರಮವೇ ಇರಲಿಲ್ಲ. ಒಂದೇ ಗೋರಿಕಾಯಿ ಒಂದು ದಿನ ಪೂರ್ತಿ ಖಾಲಿಯಾಗಿ ಇನ್ನೊಂದು ದಿನ ಬಕೆಟ್ ತುಂಬಿತ್ತು. ಬದಲಿಗೆ, ಮಧ್ಯಾಹ್ನ ಒಂದೂಕಾಲರ ನಂತರ ಬಡಿಸಿದ ದಿನಗಳೆಲ್ಲ ಹದಿನೈದು ಕಿಲೋದ ಮೇಲಿದ್ದವು, ಮತ್ತು ಆ ದಿನಗಳಲ್ಲಿ ಹೆಚ್ಚಿನವುಗಳ ಮುಂದೆ "ಬೇಳೆ ಬೆಂದಿಲ್ಲ" ಎಂದು ಬರೆದಿತ್ತು.

ಇದರ ಗಂಟನ್ನು ಬಿಚ್ಚಿದವರು ಐದನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಇದ್ದೇ ಇದೆ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ತೀರಿಕೊಂಡದ್ದನ್ನು ನೆನೆದರೆ ಆ ನಿಯಮದಲ್ಲಿ ಒಂದು ದಿನವೂ ಸಡಿಲ ಬಿಡಲು ಮನಸ್ಸು ಬರುವುದಿಲ್ಲ. ನಾನು ಅದರ ಜೊತೆಗೆ ಪ್ರತಿ ಬುಧವಾರ ಇಬ್ಬರು ತಾಯಂದಿರು ಅಥವಾ ಅಜ್ಜಿಯಂದಿರು ಬಂದು ಮಕ್ಕಳ ಪಂಕ್ತಿಯಲ್ಲೇ ಕುಳಿತು ಉಣ್ಣುವ ಸರದಿಯನ್ನು ಇಟ್ಟಿದ್ದೆ. ಆ ಅಜ್ಜಿ ಎರಡು ತುತ್ತು ಉಂಡು, "ಬೋರಿನ ಉಪ್ಪುನೀರಲ್ಲಿ ಬೇಳೆ ಬೇಯಲ್ಲ ಮೇಷ್ಟ್ರೇ. ನಾವು ಮಳೆನೀರು ಹಿಡಿದಿಟ್ಕೊಂಡು ಬೇಳೆಗೆ ಮಾತ್ರ ಹಾಕ್ತಿದ್ವಿ" ಎಂದರು.

ಅಲ್ಲಿಂದ ಮುಂದೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ಅಜ್ಜಿ ಉಪ್ಪುನೀರು ಎಂದ ಬೋರಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಳೆ ಬೇಯದೆ ಊಟ ತಡವಾಗುತ್ತಿತ್ತು. ತಡವಾದಾಗ ಮಕ್ಕಳು ಅಂಗಡಿಯ ಪೊಟ್ಟಣ ತಿಂದು ಹಸಿವು ಕಳೆದುಕೊಳ್ಳುತ್ತಿದ್ದರು. ಬೇಳೆಯ ಜೊತೆಗೇ ಹಾಕಿದ ತರಕಾರಿ ಅದು ಬೇಯುವಷ್ಟರಲ್ಲಿ ಕರಗಿ ಮುದ್ದೆಯಾಗುತ್ತಿತ್ತು. ಬೇಯದ ಬೇಳೆ ಪಾತ್ರೆಯ ತಳಕ್ಕಿಳಿದು ಮೊದಲ ಪಂಕ್ತಿಯ ಚಿಕ್ಕ ಮಕ್ಕಳಿಗೆ ಬರೀ ತಿಳಿನೀರು ಸಿಗುತ್ತಿತ್ತು. ಮಕ್ಕಳು ದೂರವಿಟ್ಟದ್ದು ತರಕಾರಿಯನ್ನಲ್ಲ, ಆ ಸಾರನ್ನು. ಅಡುಗೆಯವರು ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುತ್ತಿದ್ದುದೂ ಆಗ ತಿಳಿಯಿತು. ಸೋಡಾ ಬೇಳೆಯನ್ನು ಮೆತ್ತಗೆ ಮಾಡುವುದು ಹೌದು, ಆದರೆ ಅದರಲ್ಲಿನ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ರುಚಿಯನ್ನೂ ಕೆಡಿಸುತ್ತದೆ. ಅದನ್ನು ಪೂರ್ತಿ ಬಿಡಿಸಿದೆ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ದಿನಕ್ಕೆ ಇಪ್ಪತ್ತು ಲೀಟರಿನ ಎರಡು ಕ್ಯಾನ್ ತರಿಸಲು ತೊಡಗಿದೆ. ಕ್ಯಾನಿಗೆ ಐದರಂತೆ ದಿನಕ್ಕೆ ಹತ್ತು ರೂಪಾಯಿ, ತಿಂಗಳಿಗೆ ಇನ್ನೂರೈವತ್ತರ ಒಳಗೆ. ತರಕಾರಿ ಮತ್ತು ಸಾದಿಲ್ವಾರು (ಇತರ ಸಣ್ಣಪುಟ್ಟ ಖರ್ಚಿನ) ಅನುದಾನದಲ್ಲಿ ಇದಕ್ಕೆ ಅವಕಾಶ ಕೇಳಿದಾಗ ಮೇಲಿನವರು ಒಪ್ಪಲಿಲ್ಲ. ಮೊದಲ ಆರು ತಿಂಗಳು ನಾವು ಶಿಕ್ಷಕರೇ ಹಂಚಿಕೊಂಡೆವು, ಅನಂತರ ಎಸ್‌ಡಿಎಂಸಿ ವಹಿಸಿಕೊಂಡಿತು. ಅಡುಗೆಯವರು ಬಂದ ಕೂಡಲೇ ಬೇಳೆಯನ್ನು ತೊಳೆದು ಆ ನೀರಿನಲ್ಲೇ ಒಂದು ಗಂಟೆ ನೆನೆಸಿ, ಅದೇ ನೀರಿನಲ್ಲಿ ಕುಕ್ಕರಿಗೆ ಇಡುತ್ತಾರೆ. ಬೆಂದ ಬೇಳೆಯನ್ನು ಚೆನ್ನಾಗಿ ಮಸೆದ ಮೇಲೆಯೇ ತರಕಾರಿ ಸೇರುತ್ತದೆ. ಬದನೆ, ಸೋರೆ, ಕುಂಬಳಕ್ಕೆ ಹತ್ತು ನಿಮಿಷ, ಗೋರಿಕಾಯಿ, ಹುರುಳಿಕಾಯಿಗೆ ಬೇರೆಯಾಗಿ ಅರೆಬೇಯಿಸಿಕೊಂಡ ಮೇಲೆ ಐದು ನಿಮಿಷ. ಹೋಳು ಹೋಳಾಗಿಯೇ ಇರಬೇಕು. ಬಡಿಸುವವರು ಪ್ರತಿ ಸೌಟಿಗೂ ತಳದಿಂದ ಕಲಕಬೇಕು. ಮೊದಲು ನಲಿಕಲಿ (ಒಂದರಿಂದ ಮೂರನೆಯ ತರಗತಿಯ) ಮಕ್ಕಳಿಗೆ ಬಡಿಸಿ, ಅವರು ಅರ್ಧ ಉಂಡ ಮೇಲೆ ದೊಡ್ಡವರನ್ನು ಕೂರಿಸುತ್ತೇವೆ. ಚಿಕ್ಕವರಿಗೆ ಮೊದಲ ಸಲ ಅರ್ಧ ಅನ್ನ ಮಾತ್ರ, ಕೇಳಿದಷ್ಟು ಸಲ ಮತ್ತೆ.

ಸಾರಿನ ಪುಡಿಯ ಹದ ನಮ್ಮ ಮುಖ್ಯ ಅಡುಗೆಯವರ ಕೈಗುಟ್ಟು; ಅವರ ಒಪ್ಪಿಗೆಯಿಲ್ಲದೆ ಅದನ್ನು ಇಲ್ಲಿ ಬರೆಯಲಾರೆ. ವಾರದ ಸಂತೆಯಲ್ಲಿ ನಾನು ಯಾವ ಹೊತ್ತಿಗೆ ತರಕಾರಿ ಕೊಳ್ಳುತ್ತೇನೆ ಎಂಬುದನ್ನೂ ಹೇಳುವುದಿಲ್ಲ, ಏಕೆಂದರೆ ಎಲ್ಲರೂ ಆ ಹೊತ್ತಿಗೇ ಬಂದರೆ ಆ ದರ ಉಳಿಯುವುದಿಲ್ಲ. ಮೂರು ದಿನದ ತರಕಾರಿಯಲ್ಲಿ ನೂರೈವತ್ತು ರೂಪಾಯಿಯಾದರೂ ಉಳಿಯುತ್ತದೆ, ಅದು ಕೊತ್ತಂಬರಿ, ಹುಣಸೆ, ನಿಂಬೆಹಣ್ಣಿಗೆ ಹೋಗುತ್ತದೆ.

ಒಂದು ತಿಂಗಳಲ್ಲಿ ಎಂಜಲು ಹದಿಮೂರರಿಂದ ಏಳಕ್ಕೂ, ಆ ವರ್ಷದ ಕೊನೆಗೆ ಮೂರಕ್ಕೂ ಇಳಿಯಿತು. ಈಗ ಎರಡೂವರೆ ಕಿಲೋ ದಾಟುವ ದಿನಗಳು ಅಪರೂಪ, ತರಕಾರಿಯ ಬಕೆಟ್ಟಿನಲ್ಲಿ ನುಗ್ಗೆಕಾಯಿಯ ಸಿಪ್ಪೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಒಂಬತ್ತು ದಿನಕ್ಕೆ ಮುಗಿಯುತ್ತಿದ್ದ ಗ್ಯಾಸ್ ಸಿಲಿಂಡರ್ ಹನ್ನೆರಡು ದಿನ ಬರುತ್ತಿದೆ. ನೀರಿನ ಹತ್ತು ರೂಪಾಯಿ ಅಲ್ಲಿಯೇ ಹಿಂದಿರುಗಿ ಬಂದಿದೆ. ನಮ್ಮ ತಾಲ್ಲೂಕಿನಲ್ಲಿ ಇಷ್ಟು ಕಡಿಮೆ ಎಂಜಲು ಬಿಡುವ ಇನ್ನೊಂದು ಶಾಲೆಯನ್ನು ನಾನು ಕಂಡಿಲ್ಲವೆಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಡಬ್ಬಿ ತರುತ್ತಿದ್ದ ಮಕ್ಕಳಲ್ಲಿ ಈಗ ಮೂವರಷ್ಟೇ ತರುತ್ತಾರೆ. ಉಳಿದವರ ಡಬ್ಬಿ ನಿಂತದ್ದು ನನ್ನ ಮಾತಿನಿಂದಲ್ಲ, ಬುಧವಾರ ಉಂಡುಹೋದ ತಾಯಂದಿರು ಕೇರಿಯಲ್ಲಿ ಆಡಿದ ಮಾತಿನಿಂದ.

ಈ ನಡುವೆ ಮಾಡಿದ ಇತರ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. ನುಗ್ಗೆಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ, ಮೊದಲು ಒಂದು ಪಾತ್ರೆಗೆ ಅರ್ಧ ಕಿಲೋ ಹಾಕಿದಾಗ ಕಹಿಯಾಗಿ ಆ ದಿನ ಬಕೆಟ್ ಹತ್ತು ಕಿಲೋಕ್ಕೆ ಏರಿತು. ನೂರು ಗ್ರಾಂಗೆ ಇಳಿಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದಾಗ ಯಾರೂ ಗುರುತಿಸಲಿಲ್ಲ. ಹುಳಿಯಿಂದ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಸುಲಭವಾಗುವುದರಿಂದ ನಿಂಬೆ ಎರಡು ಕೆಲಸ ಮಾಡುತ್ತದೆ. ಇನ್ನೊಂದು ಮೊಟ್ಟೆಯದು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾದಾಗ ಸಿಪ್ಪೆ ಸುಲಿಯುವುದೇ ದೊಡ್ಡ ಕೆಲಸವಾಯಿತು. ತೀರಾ ಹೊಸ ಮೊಟ್ಟೆಯ ಸಿಪ್ಪೆ ಬಿಳಿಯ ಭಾಗವನ್ನು ಹಿಡಿದುಕೊಂಡೇ ಬರುತ್ತದೆ. ಮೂರ್ನಾಲ್ಕು ದಿನ ಮೊದಲೇ ತರಿಸಿಟ್ಟು, ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಇಬ್ಬರು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಮೊಟ್ಟೆಗೆ ಬರುತ್ತಿದ್ದುದು ಆರು ರೂಪಾಯಿ. ಪೇಟೆಯ ದರ ಏಳನ್ನು ಮುಟ್ಟಿದ ತಿಂಗಳಲ್ಲಿ ನನ್ನ ಕೈಯಿಂದ ಎರಡು ಸಾವಿರಕ್ಕೂ ಹೆಚ್ಚು ಹೋಯಿತು, ಅದು ಇನ್ನೂ ಹಿಂದಿರುಗಿಲ್ಲ.

ಈ ಮಳೆಗಾಲಕ್ಕೆ ಅಡುಗೆ ಕೋಣೆಯ ಚಾವಣಿಯ ನೀರನ್ನು ಎರಡು ಸಾವಿರ ಲೀಟರಿನ ತೊಟ್ಟಿಗೆ ಇಳಿಸುವ ಕೆಲಸ ನಡೆದಿದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಪೈಪಿನ ತುದಿಗೆ ಮುಚ್ಚಳ ಕೂರಿಸಿ ಆಗಿದೆ, ಸೋಸುವ ಮರಳು ಬರಬೇಕು. ಸಂಗ್ರಹವಾದ ನೀರನ್ನು ಪರೀಕ್ಷೆಗೆ ಕಳುಹಿಸಿ ವರದಿ ಸರಿಯಾಗಿ ಬಂದ ಮೇಲೆ ಬೇಳೆಗೆ ಅದನ್ನೇ ಬಳಸುತ್ತೇವೆ. ಅಲ್ಲಿಯವರೆಗೆ ದಿನಕ್ಕೆ ಎರಡು ಕ್ಯಾನ್ ಬರುತ್ತಲೇ ಇರುತ್ತವೆ.